ಓದಿದ್ದು–ಅನಿಸಿದ್ದು, ಭಾಗ 3: ಆ ಗಿಡಕ್ಕೆ ನೀರು ಯಾರು ಹಾಕ್ತಾರೆ?

ಲಾವಣ್ಯ ಲಕ್ಷ್ಮೀನಾರಾಯಣ್ ಅವರ ‘ದಿ ಟೆನ್ ಪರ್ಸೆಂಟ್ ಥೀಫ್’ ಫೋಟೋ ಹಾಕಿದ ದಿನದಿಂದ ನನ್ನ ಇನ್‌ಬಾಕ್ಸ್ ಗಲಾಟೆಯೋ ಗಲಾಟೆ. ಮೂರು ವರ್ಷ ಲ್ಯಾಬ್ ರೆಕಾರ್ಡ್ ಕೂಡ ಓದದೆ ಕಾಪಿ ಮಾಡ್ತಿದ್ದವರೆಲ್ಲ ಒಂದು ಕಾದಂಬರಿಗೆ ಇಷ್ಟು ಜಗಳ ಆಡ್ತೀರಿ ಅಂದ್ರೆ ಬರೀಲೇಬೇಕು.

ಓದದವರಿಗೆ ಚುಟುಕಾಗಿ: ಊರಿನ ಹೆಸರು ಅಪೆಕ್ಸ್ ಸಿಟಿ. ಹಿಂದೆ ಬೆಂಗಳೂರು ಅಂತಿದ್ದ ಊರು. ಅಲ್ಲಿ ಎಲ್ಲರನ್ನೂ ಬೆಲ್ ಕರ್ವ್ ಮೇಲೆ ಅಳೀತಾರೆ. ಮೇಲಿನ 20 ಪರ್ಸೆಂಟ್‌ಗೆ ಸುಖವೋ ಸುಖ. ಕೆಳಗಿನ 10 ಪರ್ಸೆಂಟ್‌ಗೆ ಬಿದ್ದರೆ ಗಡೀಪಾರಿನ ಭಯ. ಹೊರಗೆ ಹಾಕಿದ ಮೇಲೆ ನೀವು ‘ಅನಲಾಗ್’. ಕರೆಂಟ್ ಇಲ್ಲ, ನಲ್ಲಿ ನೀರಿಲ್ಲ. ಆ ಅನಲಾಗ್ ಕಡೆಯ ಕಳ್ಳಿಯೊಬ್ಬಳು ಒಳಗಿನ ಊರಿಂದ ಒಂದೇ ಒಂದು ಜಕರಂಡಾ ಬೀಜ ಕದ್ದು ತಂದು ನೆಡ್ತಾಳೆ. ಪುಸ್ತಕ 2020ರಲ್ಲಿ ಬೇರೆ ಹೆಸರಲ್ಲಿ ಬಂದಿತ್ತು, 2023ರಲ್ಲಿ ಈ ಹೆಸರು. 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಹೋಗಿತ್ತು. ಬರೆದವರು ನಮ್ಮ ಬೆಂಗಳೂರಿನವರೇ.

ಈಗ ನಿಮ್ಮ ಮಾತಿಗೆ ಬರ್ತೀನಿ.

ಇ-ಸಿಟಿಯಲ್ಲಿ ಕೆಲಸ ಮಾಡೋ ನಮ್ಮ ಬ್ಯಾಚಿನವಳು ಕಳಿಸಿದ್ದು: “ಇದ್ಯಾವ ಸೈನ್ಸ್ ಫಿಕ್ಷನ್ನೇ? ನಮ್ಮ ಅಪ್ರೈಸಲ್ ತರಾನೇ ಇದೆ.” ಸರಿಯಾಗೇ ಹೇಳಿದ್ದಾಳೆ. ನೌಕರರನ್ನ 20-70-10 ಅಂತ ಪಾಲು ಮಾಡಿ ಕೊನೆಯ ಹತ್ತರವರನ್ನ ಮನೆಗೆ ಕಳಿಸೋ ಲೆಕ್ಕಕ್ಕೆ ಹೆಸರು ತಂದುಕೊಟ್ಟವರು ಜನರಲ್ ಎಲೆಕ್ಟ್ರಿಕ್‌ನ ಜಾಕ್ ವೆಲ್ಚ್. ಅವರ ಹೆಸರಿನ ಸಂಶೋಧನಾ ಕೇಂದ್ರ 2000ದಲ್ಲಿ ಶುರುವಾಗಿದ್ದು ನಮ್ಮ ವೈಟ್‌ಫೀಲ್ಡ್‌ನಲ್ಲೇ. ಲೇಖಕಿ ಹೆಚ್ಚೇನೂ ಕಲ್ಪನೆ ಮಾಡ್ಬೇಕಾಗಿರಲಿಲ್ಲ. ಆಫೀಸಿನ ಗೇಟಿನೊಳಗಿದ್ದ ಲೆಕ್ಕವನ್ನ ಇಡೀ ಊರಿಗೆ ಹರಡಿದ್ರೆ ಏನಾಗುತ್ತೆ ಅಂತ ನೋಡಿದ್ದಾರೆ, ಅಷ್ಟೇ.

“ಉಪ್ಪುಖಾರ ಜಾಸ್ತಿ ಆಯ್ತು, ಊರು ಹಂಗೆಲ್ಲ ಇಬ್ಭಾಗ ಆಗಲ್ಲ” ಅಂದವನು ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿಯಲ್ಲಿದ್ದಾನೆ. ಗುರೂ, 2024ರ ಮಾರ್ಚ್‌ನಲ್ಲಿ ಟ್ಯಾಂಕರ್ ಬರಲಿಲ್ಲ ಅಂತ ಸ್ಟೇಟಸ್ ಮೇಲೆ ಸ್ಟೇಟಸ್ ಹಾಕಿದವನು ನೀನೇ ಅಲ್ವಾ? ಹೊರವಲಯದ 110 ಹಳ್ಳಿಗಳಿಗೆ ಅಂತ ಕಾವೇರಿ 5ನೇ ಹಂತ ಉದ್ಘಾಟನೆ ಆಗಿದ್ದೇ ಆ ವರ್ಷದ ಅಕ್ಟೋಬರ್‌ನಲ್ಲಿ. ಪೈಪು ಎಲ್ಲಿಗೆ ನಿಲ್ಲುತ್ತೋ ಅಲ್ಲೊಂದು ಗೆರೆ ಇದ್ದೇ ಇರುತ್ತೆ. ಈ ಪುಸ್ತಕ ಅದಕ್ಕೊಂದು ಹೆಸರು ಕೊಟ್ಟಿದೆ: ಕರ್ನಾಟಿಕ್ ಮೆರಿಡಿಯನ್.

ಮೂರನೇ ಮಾತಿಗೆ ಮಾತ್ರ ನಂಗೆ ಸಿಟ್ಟು ಬಂತು. “ಫೆಮಿನಿಸ್ಟ್ ಅಂದ್ಯಲ್ಲ, ಎಲ್ಲಿದೆ ಹೋರಾಟ? ಒಂದು ಭಾಷಣಾನೂ ಇಲ್ಲ.” ಅಲ್ಲಪ್ಪಾ, ಅಪೆಕ್ಸ್ ಸಿಟಿಯಲ್ಲಿ ಕೆಲಸಕ್ಕಷ್ಟೇ ಅಂಕ ಕೊಡಲ್ಲ. ನೀನು ಹೆಂಗೆ ಕಾಣ್ತೀಯ, ಏನು ಅಭಿಪ್ರಾಯ ಇಟ್ಕೊಂಡಿದ್ದೀಯ, ಅದೂ ಲೆಕ್ಕಕ್ಕೆ ಬರುತ್ತೆ. ನನ್ನ ಮೊದಲ ಕೆಲಸದಲ್ಲಿ ನನಗೂ ನನ್ನ ಪಕ್ಕದ ಹುಡುಗನಿಗೂ ಒಂದೇ ರೇಟಿಂಗ್ ಬಂತು. ಅವನ ಫೀಡ್‌ಬ್ಯಾಕ್‌ನಲ್ಲಿ ಕೋಡ್ ಬಗ್ಗೆ ನಾಲ್ಕು ಸಾಲು. ನಂಗೆ ಹೇಳಿದ್ದು “ಸ್ವಲ್ಪ ನಗುನಗ್ತಾ ಮಾತಾಡಮ್ಮ”. ಆ ಪುಟ ಓದುವಾಗ ನನಗೆ ಭಾಷಣ ಬೇಕು ಅನಿಸಲೇ ಇಲ್ಲ. (ಇಂಥ ಓದುಗರು ಹೊಸಬರೇನಲ್ಲ. 1905ರಲ್ಲಿ ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಬಂದ ರುಕಿಯಾ ಹುಸೇನ್ ಅವರ ‘ಸುಲ್ತಾನಾಸ್ ಡ್ರೀಮ್’ನಲ್ಲಿ ಗಂಡಸರು ಒಳಮನೆಯಲ್ಲಿ, ಹೆಂಗಸರು ಸೂರ್ಯನ ಶಾಖ ಹಿಡಿದು ದೇಶ ನಡೆಸ್ತಾರೆ. ಮೊದಲ ಓದುಗ ಅವರ ಗಂಡನೇ. ನಿಂತಲ್ಲೇ ಪೂರ್ತಿ ಓದಿ, ಭಯಂಕರ ಸೇಡು ತೀರಿಸ್ಕೊಂಡಿದ್ದೀಯ ಅನ್ನೋ ಅರ್ಥದ ಮಾತು ಹೇಳಿದ್ರಂತೆ. ಕೂತ್ಕೊಳ್ಳೋದನ್ನೂ ಮರೆತು ಓದಿದ್ರಲ್ಲ, ಅದು ನಂಗಿಷ್ಟ.)

ನನ್ನದೂ ಒಂದು ತಕರಾರಿದೆ. ಪುಸ್ತಕ ಬಹಳ ಹೊತ್ತು ಗೆರೆಯ ಒಳಗಿನವರ ತಲೆಯೊಳಗೇ ಇರುತ್ತೆ. ಅವರ ಭಯ, ಅವರ ಅಂಕ, ಅವರ ಮೇಲೇರುವ ಆಸೆ. ಹೊರಗಿನವರ ದಿನ ಹೇಗೆ ಕಳೆಯುತ್ತೆ ಅನ್ನೋದು ನಂಗೆ ಇನ್ನೂ ಬೇಕಿತ್ತು. ಇದು ಅರ್ಥ ಆಗಿದ್ದು ಅಮ್ಮನಿಗೆ ಕತೆ ಹೇಳುವಾಗ.

ಅಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹತ್ತೊಂಬತ್ತು ವರ್ಷ ಮಿಷಿನ್ ತುಳಿದವಳು. ಇಂಗ್ಲಿಷ್ ಓದಲ್ಲ, ಹಾಗಾಗಿ ಬೀನ್ಸ್ ಸೋಸ್ತಾ ಕೂತಿದ್ದಾಗ ನಾನೇ ಬಾಯಲ್ಲಿ ಹೇಳಿದೆ. ಬೆಲ್ ಕರ್ವ್ ವಿವರಿಸೋಕೆ ಒದ್ದಾಡ್ತಿದ್ದೆ. ಅವಳು ಮಧ್ಯದಲ್ಲೇ ತಡೆದು, “ಗೊತ್ತು ಬಿಡು. ಲೈನ್ ಮುಂದೆ ಬೋರ್ಡ್ ಇರುತ್ತೆ, ಗಂಟೆಗೆಷ್ಟು ಪೀಸ್ ಅಂತ ಬರೀತಾರೆ. ಕಮ್ಮಿ ಮಾಡಿದವಳನ್ನ ಎಲ್ರ ಮುಂದೆ ನಿಲ್ಲಿಸಿ ಬಯ್ತಾರೆ” ಅಂದಳು. ಕಳ್ಳಿ ಬೀಜ ಕದ್ದಾಗ ಖುಷಿಯಾದಳು. ಆಮೇಲೆ ಸುಮ್ಮನಾಗಿ ಕೇಳಿದ್ದು:

“ನಲ್ಲೀಲಿ ನೀರೇ ಬರಲ್ಲ ಅಂದ್ಯಲ್ಲೇ. ಆ ಗಿಡಕ್ಕೆ ನೀರು ಯಾರು ಹಾಕ್ತಾರೆ? ಹೊತ್ತು ತರೋಳು ಯಾವಳೋ ಒಬ್ಳು ಇರ್ಬೇಕಲ್ಲ.”

ನನ್ನ ಹತ್ರ ಉತ್ತರ ಇರಲಿಲ್ಲ. ನಮ್ಮ ವಠಾರದಲ್ಲಿ ಬೋರ್‌ವೆಲ್ ಕೆಟ್ಟಾಗಲೆಲ್ಲ ಕೊಡ ಹೊತ್ತವಳು ಅವಳೇ. ನಿಮ್ಮಲ್ಲಿ ಯಾರೂ ಈ ಪ್ರಶ್ನೆ ಕೇಳಲಿಲ್ಲ, ನಾನೂ ಕೇಳಿರಲಿಲ್ಲ. ಈ ಪುಸ್ತಕದ ಬಗ್ಗೆ ಇಲ್ಲಿವರೆಗೆ ನಾನು ಕೇಳಿದ ಮಾತುಗಳಲ್ಲಿ ಇದೇ ಮೇಲು ಅಂತ ನನ್ನ ವಾದ. ಇಂಥ ಕತೆಗಳು ಅವಳೇ ಕೈಯಲ್ಲಿ ಹಿಡಿದು ಓದೋ ಕನ್ನಡದಲ್ಲಿ ಬೇಕು. ನಾನು ಹೇಳುವಾಗ ಅರ್ಧ ನುಂಗಿಬಿಡ್ತೀನಿ.

ಉಳಿದ ಭಾಗ ಭಾನುವಾರ ಕೇಳ್ತಾಳಂತೆ. ಪುಸ್ತಕ ತಗೊಂಡು ಹೋಗಿರೋ ಮಹಾನುಭಾವರು ಶನಿವಾರದೊಳಗೆ ಜಾಲಹಳ್ಳಿ ಮೆಟ್ರೋ ಹತ್ರ ತಂದು ಕೊಡಿ. ಪುಟ ಮಡಚಿದ್ರೆ ಬಯ್ಯಲ್ಲ.