ಹರಿದದ್ದು ಹೆಣಿಗೆ, ಕುರ್ಚಿಯಲ್ಲ

ಬೆತ್ತದ ಕುರ್ಚಿಯ ಪೀಠವು ಹರಿದೊಡನೆ ಅದನ್ನು ಅಟ್ಟಕ್ಕೇರಿಸುವುದೂ, ಕೆಲವು ತಿಂಗಳ ತರುವಾಯ ಗುಜರಿಯವನಿಗೆ ಕೊಟ್ಟುಬಿಡುವುದೂ ಈಗ ರೂಢಿಯಾಗಿರುವುದು. ಮಂಡ್ಯ ನಗರದೊಳಗೆ ಸೇರಿಹೋಗಿರುವ ನಮ್ಮ ಗುತ್ತಲಿನಲ್ಲಿಯೂ ಹೀಗೆಯೇ. ಅದರ ಸ್ಥಾನಕ್ಕೆ ಪ್ಲಾಸ್ಟಿಕ್ ಕುರ್ಚಿಯು ಬಂದು ಕೂರುವುದು. ಇದರಲ್ಲಿ ವಿವೇಕ ಸಾಲದೆಂದು ನಮ್ಮ ಅಭಿಪ್ರಾಯ. ಹರಿದದ್ದು ಹೆಣಿಗೆಯೇ ಹೊರತು ಕುರ್ಚಿಯಲ್ಲ. ತೇಗದ ಚೌಕಟ್ಟು ಎರಡು ಮೂರು ತಲೆಮಾರು ಬಾಳತಕ್ಕದ್ದು. ಹೆಣಿಗೆಯಾದರೋ ಸವೆದಾಗ ಹೊಸದಾಗಬೇಕೆಂದೇ ಮಾಡಿದ್ದು. ಪಂಚೆ ಹರಿಯಿತೆಂದು ಉಟ್ಟವನನ್ನು ಯಾರೂ ಮನೆಯಿಂದ ಹೊರಹಾಕುವುದಿಲ್ಲ.

ಹೆಣೆದ ಪೀಠವು ನಮ್ಮ ದೇಶಕ್ಕೆ ಹೊಸದಲ್ಲ. ಐತರೇಯ ಬ್ರಾಹ್ಮಣದಲ್ಲಿ ರಾಜನ ಅಭಿಷೇಕಕ್ಕೆ ವಿಧಿಸಿರುವ ಆಸಂದಿಯು ಅತ್ತಿಯ ಮರದ್ದು. ಅದರ ಕಾಲುಗಳ ಎತ್ತರ ಒಂದು ಪ್ರಾದೇಶ, ಎಂದರೆ ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿದಷ್ಟು. ಹೆಣಿಗೆ ಮುಂಜದ ಹುಲ್ಲಿನದು. ಮೇಲೆ ಹುಲಿಯ ಚರ್ಮ. ಕಣ್ಣಿಗೆ ಕಂಡದ್ದು ಹುಲಿ, ರಾಜನ ಭಾರವನ್ನು ಹೊತ್ತದ್ದು ಹುಲ್ಲು. ನಮ್ಮ 'ಬೆತ್ತ'ವು ಸಂಸ್ಕೃತದ 'ವೇತ್ರ'ದ ತದ್ಭವವೇ. ಉಪಾಧ್ಯಾಯರ ಕೈಯಲ್ಲಿ ಅದಕ್ಕಿದ್ದ ಉದ್ಯೋಗವನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ತಪ್ಪಿಸಿರುವುದು ನ್ಯಾಯವೇ ಸರಿ. ಕುರ್ಚಿಯಲ್ಲಿನ ಉದ್ಯೋಗವನ್ನು ಯಾವ ಕಾಯಿದೆಯೂ ತಪ್ಪಿಸಿಲ್ಲ.

ಬೆತ್ತವು ಬಿದಿರಿನ ಜಾತಿಯೆಂದು ಅನೇಕರು ಭಾವಿಸಿರುವರು. ಬಿದಿರು ಹುಲ್ಲಿನ ಕುಲದ್ದು, ಒಳಗೆ ಪೊಳ್ಳು. ಬೆತ್ತವು ತಾಳೆಯ ಕುಲಕ್ಕೆ ಸೇರಿದ ಮುಳ್ಳಿನ ಬಳ್ಳಿ, ಒಳಗೆ ಗಟ್ಟಿ. ಕೊಡಗು, ಮಲೆನಾಡುಗಳ ಕಾಡುಗಳಲ್ಲಿ ಅದು ಮರಗಳನ್ನು ಹಿಡಿದು ಮೇಲೇರುತ್ತದೆ. ಅದರ ಹೊಳಪಿನ ಹೊರಸಿಪ್ಪೆಯನ್ನು ಸೀಳಿ ತೆಗೆದ ಎಳೆಯೇ ಕುರ್ಚಿಗೆ ಬರುವುದು. ಎಳೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ನೆನೆಯಿಸಬೇಕು. ಒಣ ಎಳೆ ಬಾಗಿಸಿದರೆ ಸೀಳುತ್ತದೆ. ಚೌಕಟ್ಟಿನ ರಂಧ್ರಗಳಲ್ಲಿ ಮೊದಲು ಹಿಂದಿನಿಂದ ಮುಂದಕ್ಕೆ ಒಂದು ಸಾಲು, ಅದರ ಮೇಲೆ ಅಡ್ಡಲಾಗಿ ಒಂದು, ಮತ್ತೆ ಮೊದಲಿನಂತೆ ಉದ್ದಕ್ಕೆ ಒಂದು. ನಾಲ್ಕನೆಯ ಸಾಲನ್ನು ಅಡ್ಡಲಾಗಿ ಒಂದರ ಮೇಲೆ ಒಂದರ ಕೆಳಗೆ ನುಸುಳಿಸಿ ನೇಯಬೇಕು. ಐದನೆಯದು ಒಂದು ಮೂಲೆಯಿಂದ ಓರೆಯಾಗಿ, ಆರನೆಯದು ಎದುರು ಮೂಲೆಯಿಂದ. ಕಡೆಗೆ ರಂಧ್ರಗಳನ್ನು ಮುಚ್ಚುವ ಅಂಚಿನ ಪಟ್ಟಿ. ನೆನೆದ ಎಳೆಯು ಒಣಗುತ್ತ ಬಿಗಿಯುವುದರಿಂದ ಪೀಠವು ತಾನಾಗಿ ಗಟ್ಟಿಯಾಗುತ್ತದೆ. ಹೆಣಿಗೆ ಹರಿಯದೆ ಬರಿಯ ಜೋತುಬಿದ್ದಿದ್ದರೆ, ಕೆಳಗಡೆಯಿಂದ ಒದ್ದೆಬಟ್ಟೆಯಲ್ಲಿ ಚೆನ್ನಾಗಿ ತೋಯಿಸಿ ಒಂದು ರಾತ್ರಿ ಒಣಗಲು ಬಿಡುವುದರಿಂದಲೇ ಬಹುಮಟ್ಟಿಗೆ ಬಿಗಿದುಕೊಳ್ಳುವುದು.

ರಂಧ್ರಗಳಿಲ್ಲದೆ ನಾಲ್ಕು ಪಟ್ಟಿಗಳ ಚೌಕಟ್ಟು ಮಾತ್ರ ಇರುವ ಮಣೆ, ಕುರ್ಚಿಗಳಿಗೆ ಬೆತ್ತವೇ ಬೇಕೆಂದಿಲ್ಲ. ನಮ್ಮ ಸೀಮೆಯಲ್ಲಿ ತೆಂಗಿಗೆ ಬಡತನವುಂಟೆ? ತೆಂಗಿನ ನಾರಿನ ಹುರಿಯಾಗಲಿ ಕತ್ತಾಳೆಯ ಹಗ್ಗವಾಗಲಿ ಸಾಕು. ಕೆರೆಯಂಚಿನ ಜೊಂಡಿನ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಕೆಲಸದ ಹೊತ್ತಿಗೆ ತೇವಮಾಡಿ, ಹೊಸೆಯುತ್ತ ಹೆಣೆಯಲೂ ಬಹುದು. ಹುಲ್ಲಿನಿಂದ ಹಗ್ಗ ಹೊಸೆದ ನುಲಿಯ ಚಂದಯ್ಯನೂ, ಬಿದಿರು ಹೆಣೆದ ಮೇದಾರ ಕೇತಯ್ಯನೂ ಹನ್ನೆರಡನೆಯ ಶತಮಾನದ ಶರಣರಲ್ಲಿ ಗಣ್ಯರು. ಈ ಕಸುಬನ್ನು ಕೀಳೆಂದು ಎಣಿಸುವವರು ಇವರನ್ನು ನೆನೆಯಲಿ.

ಈಗ ಮುಖ್ಯ ಮಾತಿಗೆ ಬರುವೆವು. ಈ ಕೆಲಸಕ್ಕೆ ಕಣ್ಣಿಗಿಂತ ಬೆರಳು ಹೆಚ್ಚು ಬೇಕು. ಎಳೆಯ ನುಣುಪಾದ ಮೈ ಯಾವುದು, ಒರಟು ಮೈ ಯಾವುದು, ಮುಂದಿನ ರಂಧ್ರ ಎಲ್ಲಿ, ಬಿಗಿ ಎಷ್ಟು, ಎಲ್ಲವನ್ನೂ ಸ್ಪರ್ಶವೇ ತಿಳಿಸುವುದು. ಆದುದರಿಂದಲೇ ಅಂಧರ ಶಾಲೆಗಳಲ್ಲಿ ಇದನ್ನು ಬಹುಕಾಲದಿಂದ ಜೀವನೋಪಾಯವಾಗಿ ಕಲಿಸುತ್ತ ಬಂದರು; ಸರ್ಕಾರಿ ಕಚೇರಿಗಳಲ್ಲಿ ಕುರ್ಚಿ ಹೆಣೆಯುವ ಹುದ್ದೆಯನ್ನು ದೃಷ್ಟಿಯಿಲ್ಲದವರಿಗೆ ತಕ್ಕದ್ದೆಂದು ಗುರುತಿಸಿದ್ದೂ ಉಂಟು. ಕಚೇರಿಗಳಿಗೆ ಮೆತ್ತೆಯ ಕುರ್ಚಿಗಳೂ ಮನೆಗಳಿಗೆ ಪ್ಲಾಸ್ಟಿಕ್ ಕುರ್ಚಿಗಳೂ ಬಂದಮೇಲೆ ಕಲಿತ ಕೈಗೆ ಕೆಲಸವು ಕಡಮೆಯಾಯಿತು. ಅಂಥವರಿಗೆ ದಾನ ಕೊಡಲು ನಾವು ಹಿಂದೆಗೆಯುವುದಿಲ್ಲ. ಕೂಲಿ ಕೊಡಲು ಮಾತ್ರ ನಮಗೆ ನೆನಪಾಗದು. ದಾನವು ಒಂದು ಊಟಕ್ಕೆ ಸಾಕಾದೀತು. ಕೆಲಸವು ಊಟದೊಡನೆ ಮರ್ಯಾದೆಯನ್ನೂ ಕೊಡುವುದು.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಗುಜರಿಯವನನ್ನು ಕರೆಯುವ ಮುನ್ನ ಅಟ್ಟದ ಕುರ್ಚಿಯನ್ನು ಕೆಳಗಿಳಿಸಿ, ಅದರ ಕಾಲು ಕೀಲುಗಳನ್ನು ಅಲುಗಿಸಿ ನೋಡಿರಿ. ಅವು ಭದ್ರವಾಗಿದ್ದರೆ ಹೆಣೆಯುವವರನ್ನು ವಿಚಾರಿಸಿ ಕರೆಯಿಸಿರಿ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿರಿ. ಆರು ಸಾಲುಗಳ ಕೆಲಸವು ಅರ್ಧ ದಿನದಲ್ಲಿ ಮುಗಿಯತಕ್ಕದ್ದಲ್ಲ. ಅವರು ಹೆಣೆಯುತ್ತಿರುವಾಗ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿರಿ. ಕಣ್ಣಿದ್ದವರು ಕೈಯನ್ನು ಎಷ್ಟು ಕಡಮೆ ಬಳಸುತ್ತೇವೆಂಬುದು ಆ ಮಕ್ಕಳಿಗೆ ಪಾಠ ಹೇಳದೆಯೇ ತಿಳಿಯುವುದು.