ಸೀತಾಳೆ ಸಿಡುಬು: ಕೂಸಿಗೆ ಸ್ನಾನ ನಿಷಿದ್ಧವಲ್ಲ

ದೇವರಮನೆಯ ಸುತ್ತಲಿನ ಮನೆಗಳಲ್ಲಿ ಕೂಸಿಗೆ ಸೀತಾಳೆ ಸಿಡುಬಾದರೆ ‘ಅಮ್ಮ ಬಂದಿದ್ದಾಳೆ’ ಎಂದು ಸ್ನಾನ, ಔಷಧ ಎರಡನ್ನೂ ನಿಲ್ಲಿಸುವುದುಂಟು. ಬಾಗಿಲಿಗೆ ಬೇವು ಕಟ್ಟಿ ಹೊರಗಿನವರನ್ನು ದೂರವಿಡುವ ಹಿರಿಯರ ರೂಢಿಯಲ್ಲಿ ವಿವೇಕವಿದೆ, ಸ್ನಾನ ತಪ್ಪಿಸುವುದರಲ್ಲಿಲ್ಲ. ಆಯುರ್ವೇದವೂ ಇದನ್ನು ಲಘು ಮಸೂರಿಕೆ ಎಂಬ ವ್ಯಾಧಿಯೆಂದೇ ಎಣಿಸುತ್ತದೆ. ಕೊಳೆಯಾದ ಮೈಯನ್ನು ಕೆರೆದುಕೊಂಡಾಗಲೇ ಗುಳ್ಳೆಗಳು ಕೀವಾಗುವುದು.

ತಾಯಂದಿರು ಉಗುರುಬೆಚ್ಚಗಿನ ನೀರೆರೆದು, ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಕೂಸಿನ ಉಗುರು ಕತ್ತರಿಸಿ, ತೆಳುವಾದ ಹತ್ತಿಬಟ್ಟೆ ತೊಡಿಸಬೇಕು. ಬೆಟ್ಟದ ಚಳಿಗೆಂದು ಕಂಬಳಿಯಲ್ಲಿ ಬಿಗಿದು ಸುತ್ತಿದರೆ ಬೆವರಿ ತುರಿಕೆ ಹೆಚ್ಚುತ್ತದೆ. ಎದೆಹಾಲು ನಿಲ್ಲಿಸಬಾರದು. ಬೇವಿನೆಣ್ಣೆ ಕುಡಿಸಬಾರದು, ಆಸ್ಪಿರಿನ್ ಕೊಡಬಾರದು. ಎರಡೂ ಎಳೆಯ ಜೀವಕ್ಕೆ ಅಪಾಯಕರ.

ಮೂರು ತಿಂಗಳೊಳಗಿನ ಕೂಸಾದರೆ, ಅಥವಾ ಯಾವುದೇ ಮಗು ಹಾಲು ಬಿಟ್ಟರೆ, ಮಂಕಾದರೆ, ಏದುಸಿರು ಬಿಟ್ಟರೆ ಹರಕೆಯ ಜೊತೆಗೇ ಮೂಡಿಗೆರೆಯ ಆಸ್ಪತ್ರೆಯ ದಾರಿಯನ್ನೂ ಹಿಡಿಯಿರಿ. ಬೆಳಗಾಗಲೆಂದು ಕಾಯದಿರಿ.