ಮಗುವಿಗೆ ಐವಿಐಜಿ ಬೇಕೆಂದರೆ ದಿನ ದೂಡಬೇಡಿ

ಪುಟ್ಟ ಮಕ್ಕಳ ರಕ್ತನಾಳಗಳಿಗೆ ಊತ ತರುವ ಕವಾಸಾಕಿ ಕಾಯಿಲೆಗೆ ಐವಿಐಜಿ, ಅಂದರೆ ದಾನಿಗಳ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳ ಡ್ರಿಪ್ ಕೊಡುತ್ತೇವೆ. "ಬೇರೆಯವರ ರಕ್ತದ್ದು ಬೇಡ, ಊರಿನ ಡಾಕ್ಟರನ್ನು ಫೋನಿನಲ್ಲಿ ಕೇಳಿ ಹೇಳ್ತೀವಿ" ಎನ್ನುವವರಿದ್ದಾರೆ. ಖಂಡಿತ ಕೇಳಿ. ಆದರೆ ಅವತ್ತೇ ಕೇಳಿ.

ಈ ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. 1940ರ ದಶಕದಲ್ಲಿ ಬೇರ್ಪಡಿಸಿದ ಪ್ರತಿಕಾಯಗಳು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತಿದ್ದವು. ರಕ್ತನಾಳಕ್ಕೆ ಹೋದರೆ ನಡುಕ, ಬಿಪಿ ಕುಸಿತ. ಹಾಗಾಗಿ ಮಾಂಸಖಂಡಕ್ಕೆ ಮಾತ್ರ, ಅದೂ ಸ್ವಲ್ಪವೇ. ಪೆಪ್ಸಿನ್‌ನಿಂದ ಕತ್ತರಿಸಿದರು, ತುಂಡಾದದ್ದು ದೇಹದಲ್ಲಿ ಬಹಳ ದಿನ ನಿಲ್ಲಲಿಲ್ಲ. ಜಪಾನಿನಲ್ಲಿ ಪ್ರತಿಕಾಯದೊಳಗಿನ ಗಂಧಕದ ಕೊಂಡಿಗಳನ್ನು ರಾಸಾಯನಿಕವಾಗಿ ಬಿಡಿಸಿಟ್ಟರು, ರಕ್ತ ಸೇರಿದ ಮೇಲೆ ಅವು ಮತ್ತೆ ಕೂಡಿಕೊಳ್ಳುತ್ತವೆ. ಎಂಥ ಜಾಣತನ! ಈಗ ಹೆಚ್ಚಿನ ಔಷಧಗಳಿಗೆ ಅದೂ ಬೇಕಿಲ್ಲ. ಆಮ್ಲೀಯತೆ ಸರಿಹೊಂದಿಸಿ, ವೈರಸ್ ನಾಶಪಡಿಸಿ, ಇಡೀ ಪ್ರತಿಕಾಯವನ್ನೇ ಕೊಡುತ್ತಾರೆ. ತಲೆನೋವು, ಚಳಿ ಬಂದರೆ ಡ್ರಿಪ್ ನಿಧಾನಿಸುತ್ತೇವೆ.

ಚಿಕಿತ್ಸೆ ಇಲ್ಲದಿದ್ದರೆ ಸುಮಾರು ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಹೃದಯದ ರಕ್ತನಾಳ ಉಬ್ಬುತ್ತದೆ. ಜ್ವರ ಶುರುವಾದ 10 ದಿನದೊಳಗೆ ಪ್ರತಿ ಕೆಜಿಗೆ 2 ಗ್ರಾಂ ಕೊಟ್ಟರೆ ಅದು ಶೇ. 4ರ ಆಸುಪಾಸಿಗೆ ಇಳಿಯುತ್ತದೆ. ಐದು ದಿನ ಬಿಡದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಮೈಮೇಲೆ ದದ್ದು ಕಂಡರೆ ಆಂಟಿಬಯೋಟಿಕ್ ಬದಲಿಸುತ್ತಾ ಕೂರಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಕೂಸುಗಳಲ್ಲಿ ಎಲ್ಲ ಲಕ್ಷಣ ಕಾಣದೆಯೂ ಇರಬಹುದು.

ಬಾಟಲಿ ದುಬಾರಿ, ನಿಜ. ವಿಮೆಯವರನ್ನು ಮೊದಲ ದಿನವೇ ವಿಚಾರಿಸಿ.

ಕೊಟ್ಟ ಮೇಲೆ ದಡಾರ, ಸೀತಾಳೆ ಸಿಡುಬಿನ ಲಸಿಕೆಗಳನ್ನು 11 ತಿಂಗಳು ಮುಂದೂಡಬೇಕು. ವರ್ಗವಾದಾಗಲೆಲ್ಲ ಊರು ಬದಲಿಸುವವರು ಡಿಸ್ಚಾರ್ಜ್ ಕಾಗದವನ್ನು ಲಸಿಕೆ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.